ಜೀರುಗುಣಿಕೆ

ಗಂಡನ ಹೆಸರು ಹೇಳಿದ್ರ ಆಯುಷ್ಯ ಕಡಿಮಿ ಆಗತೈತಂತ. ಆಗ್ಲಿ ಬಿಡ್ರಿ, ಹೇಳೇಬಿಡ್ತೀನಿ: ಉಚ್ಚೆಂಗೆಪ್ಪ. ನಾ ಅವರ ಹೆಂಡ್ತಿ ತಾಯಕ್ಕ. ಹೊಸಪೇಟ್ಯಾಗ ಸಂಡೂರು ರೋಡಿನ ಬದಿಗೆ ನಮ್ಮನಿ, ಪುಂಡಿನಾರಿನ ಹಗ್ಗ ಹೊಸಿಯೋದು ನಮ್ಮ ಕೆಲಸ. ಆದ್ರ ನಾ ಹೇಳಾಕ ಕುಂತಿದ್ದು ಅವರ ತಂಗಿ ದುರುಗವ್ವನ ಕಥಿ.

ದುರುಗವ್ವನ ಕೈ ಅಂದ್ರ ಕೈ. ನಾರು ಆಕಿ ಬೆರಳಾಗ ಹೋಗಿ ಬಂದ್ರ ಒಂದು ಸಿಬಿರು ಉಳೀತಿರಲಿಲ್ಲ. ಕೂಸಿನ ತೊಟ್ಟಿಲಕ್ಕ ಆಕಿ ಹೊಸದ ಹಗ್ಗನ ಬೇಕು ಅಂತ ಮಂದಿ ಬರತಿದ್ರು. ನನಗ ಹೊಟ್ಟಿಕಿಚ್ಚು, ಯಾಕ ಸುಳ್ಳು ಹೇಳ್ಲಿ? ಹತ್ತು ವರ್ಷ ಹೊಸದ್ರೂ ನನ್ನ ಹಗ್ಗ ದನ ಸೈತ ಒಪ್ಪತಿರಲಿಲ್ಲ.

ಗಂಡ-ಹೆಂಡ್ತಿ ಇಬ್ರೂ ನಮ್ಮನ್ಯಾಗನ ಇದ್ರು. ಆಕಿ ಗಂಡ ಮರಿಸ್ವಾಮಿ ಎರಡು ಸಾವಿರದ ನಾಕರಾಗ ಸೈಕಲ್ ಮ್ಯಾಲೆ ಬರಾಗ ಅದಿರಿನ ಲಾರಿಗೆ ಸಿಕ್ಕು ಹೋದ. ನಮ್ಮ ಮನಿ ಮುಂದನ. ಆವತ್ತಿಂದ ಹಾರನ್ ಕೇಳಿದ್ರ ಆಕಿ ಎದ್ದು ರೋಡಿಗೆ ಓಡೋದು, ಎರಡೂ ಕೈ ಚಾಚಿ ಲಾರಿಗೆ ಅಡ್ಡ ನಿಲ್ಲೋದು. ಆಗ ಲಾರಿ ಅಂದ್ರ ಒಂದಾ ಎರಡಾ? ಒಂದರ ಬಾಲ ಹಿಡದು ಇನ್ನೊಂದು. ಎಷ್ಟು ಸರ್ತಿ ಎಳಕೊಂಡು ಬರೋದ್ರಿ? ಕಡೀಕ ನಡುಮನಿ ಕಂಬಕ್ಕ ಕಟ್ಟಿದ್ವಿ. ಆಕಿನ ಹೊಸದ ಹಗ್ಗದಾಗ ಆಕಿನ್ನ ಕಟ್ಟಿದ್ವಿ. ಹಗಲೆಲ್ಲಾ ಅಲ್ಲೇ ಕುಂತು ನಾರು ಹೊಸಿತಿದ್ಲು. ಕೈಗೆ ಕೆಲಸ ಇದ್ದಷ್ಟು ಹೊತ್ತು ತಲಿ ನೆಟ್ಟಗಿರತಿತ್ತು. ಆ ಕೈ ಒಂದೇ ಆಕಿಗೆ ಉಳದಿದ್ದು.

ನಮ್ಮನಿಯವರು ಹಂಪಿ ಸೀಸನ್ನಿಗೆ ಹೊಳಿ ದಾಟಿ, ಫಾರಿನ್ ಮಂದಿ ಇಳಕೊಳ್ಳೋ ಗಡ್ಡಿಗೆ ಹಗ್ಗ ಒಯ್ಯತಿದ್ರು. ಅಲ್ಲಿ ಯೂಕೊ ಅಂತ ಜಪಾನಿನ ಹೆಂಗಸು ದುರುಗವ್ವನ ಹಗ್ಗನ ಬೇಕಂತಿದ್ಲು. ಆಕಿ ಹತ್ರ ಹಗ್ಗದ ವಿದ್ಯಾ ಕಲಿಯಾಕ ಮದ್ಲನೇ ವರ್ಷ ಮೂರು ಮಂದಿ ಇದ್ರಂತ, ನಾಕನೇ ವರ್ಷಕ್ಕ ಇಪ್ಪತ್ತು. ಒಮ್ಮೆ ನಾನೂ ಹೋದೆ. ಅಯ್ಯ ಶಿವನ! ಚಾಪಿ ಮ್ಯಾಲೆ ಆರಡಿ ಆಳು ಕಣ್ಣು ಮುಚ್ಚಿ ಕುಂತಾನ, ಯೂಕೊ ಅವನ ರಟ್ಟಿ, ಎದಿ ಸುತ್ತ ಹಗ್ಗ ಬಿಗಿಯಾಕ ಹತ್ಯಾಳ, ಸೀರಿ ನಿರಿಗಿ ಹಿಡದಷ್ಟು ಸಾವಕಾಶ.

“ಥೂ ಇವರ! ತಿಂದಿದ್ದು ಕರಗವಲ್ದು ಇವರಿಗೆ” ಅಂದೆ.

ಗೆಸ್ಟ್ ಹೌಸಿನ ಹಂಪೇಶ್ ನಕ್ಕು, ಆಕಿ ಹೇಳಿದ್ದನ್ನ ನಮಗ ತಿಳಿಸಿದ. “ಹಿಂದಕ ಅವರ ದೇಶದಾಗ ಕಳ್ಳರನ್ನ ಕಟ್ಟೋ ವಿದ್ಯಾ ಇದು, ಅಕ್ಕಾರ. ಬರಬರತಾ ಗಂಡ-ಹೆಂಡ್ತಿ ನಡುವಿನ ಖಾಸಗಿ ಆಟ ಆತು. ಈಗ ದೇಶದೇಶದವರು ಕೂಡಿ ಕಲೀತಾರ. ಮದ್ಲೆಲ್ಲಾ ಗಂಡಸರಷ್ಟ ಕಟ್ಟತಿದ್ರು, ಈಗ ಹೆಂಗಸರೂ ಕಟ್ಟತಾರ. ಯಾರೋ ಒಬ್ಬಾಕಿ ಕೈ ಜೋಮು ಹಿಡದು ಬಿದ್ದು ಹೋದ ಮ್ಯಾಲೆ ಕಾಯಿದೆ ಮಾಡಿಕೊಂಡಾರ. ಕೇಳಿ ಕಟ್ಟಬೇಕು. ಹಗ್ಗದ ಅಡಿಗೆ ಎರಡು ಬೆರಳು ಹೋಗಬೇಕು. ಬಾಜೂಕ ಕತ್ತರಿ ಇರಬೇಕು. ಕಟ್ಟಿಸಿಕೊಂಡವರು ಸಾಕು ಅಂದ್ರ ಆ ಕ್ಷಣನ ಬಿಚ್ಚಬೇಕು.”

ತಿರುಗಿ ಬರಾಗ ಇವರು ಹರಗೋಲು ಇಳದು ದಂಡಿಗೆ ಬಂದ ಮ್ಯಾಲೆ, “ನೋಡಲೇ, ನಮ್ಮ ದುರುಗಿನ್ನ ನಾವು ಒಂದಿನಾನೂ ಕೇಳಿಲ್ಲ” ಅಂದ್ರು.

“ಹುಚ್ಚಿನ್ನ ಕೇಳಿ ಕಟ್ಟತಾರೇನ್ರಿ? ನಿಮಗೂ ಗಡ್ಡಿ ಗಾಳಿ ಬಡೀತು” ಅಂದೆ.

ಇವರು ಯೂಕೊ ಕಡೆಯಿಂದ ಎಳದ್ರೂ ಬಿಗಿಯಾಗದ ಗಂಟು ಕಲ್ತು ಬಂದ್ರು. ನನಗೂ ಕಲಿಸಾಕ ಬಂದ್ರು. ನಾ ಕಲೀಲಿಲ್ಲ. ಹಗ್ಗದ ಮನಿ ಸೊಸಿಗೆ ಜಪಾನಿನಾಕಿ ಗಂಟು ಕಲಿಸಬೇಕಾ ಅಂತ ನನ್ನ ಸೊಕ್ಕು.

ಮುಂದಿನ ವಾರ ಇವರು ಗಡ್ಡಿಗೆ ಹೋದ ದಿನ ರೋಡ್ ಬಂದಾಗಿ ಲಾರಿ ಸಾಲು ನಿಂತಿತ್ತು. ಹಾರನ್ನೋ ಹಾರನ್ನು. ಆವತ್ತು ಇನ್ನೂ ಕಟ್ಟಿರದ ದುರುಗವ್ವ ಎದ್ದು ಕುಣಿಯಾಕ ಹತ್ತಿದ್ಲು. ಐದು ದಿನಕ್ಕೊಮ್ಮೆ ಬರೋ ನಳದ ನೀರು ಆಗಲೇ ಬಂದಿತ್ತು. ಸಿಟ್ಟು ನೆತ್ತಿಗೇರಿತು. ಆಕಿ ಬಲಗೈ ಹಿಡದು ಕಂಬಕ್ಕ ಕಟ್ಟಿದೆ. ತವರಾಗ ಕಟಿಗಿ ಹೊರಿ ಕಟ್ಟಿ ಬೆಳದಾಕಿ ನಾನು, ಕೈಗೆ ಬಂದ ಗಂಟು ಅದೇ: ಜೀರುಗುಣಿಕೆ. ಎಳದಷ್ಟೂ ಬಿಗಿತೈತಿ. ದನದ ಕೊರಳಿಗೆ ಯಾರೂ ಅದನ್ನ ಹಾಕಂಗಿಲ್ಲ, ಎಳದು ಸಾಯತಾವ ಅಂತ. ನಾ ಮನಿಮಗಳ ಕೈಗೆ ಹಾಕಿದೆ.

ಎರಡು ತಾಸಿನ ಮ್ಯಾಲೆ ಬಂದು ನೋಡಿದ್ರ ಕೈ ಬದನಿಕಾಯಿ ಬಣ್ಣ ಆಗಿತ್ತು. ಕುಡಗೋಲಿಲೆ ಹಗ್ಗ ಕೊಯ್ದೆ. ಡಾಕ್ಟರು ಕೈ ಉಳಿಸಿದ್ರು. ಆದ್ರ ನರ ಸತ್ತಾವ, ಬೆರಳು ಮಡಚಂಗಿಲ್ಲ ಅಂದ್ರು. ಸಿಟ್ಟಿನಾಗ ಕೊಯ್ದ ಮೂಗು ಶಾಂತ ಆದ ಮ್ಯಾಲೆ ಬರತೈತೇನ್ರಿ?

ಇವರು ಒಂದೇ ಕೇಳಿದ್ರು: “ಆಕಿ ಕೂಗಲಿಲ್ಲೇನು?”

“ನಾ ನಳದ ಕಡೆ ಇದ್ದೆ, ಕೇಳಿಸಲಿಲ್ಲ” ಅಂದೆ. ನಂಬಿದ್ರು ಪಾಪ.

ಆಮೇಲೆ ದಿನಾ ಮುಂಜಾನಿ ಇವರು ತಂಗಿ ಮುಂದ ಕುಂತು, “ಕಟ್ಲೇನವ್ವಾ?” ಅಂತ ಕೇಳತಿದ್ರು. ಒಂದಿನ ಹೂಂ ಅಂತಿದ್ಲು, ಒಂದಿನ ಬ್ಯಾಡಣ್ಣ ಅಂತಿದ್ಲು. ಬ್ಯಾಡ ಅಂದ ದಿನ ಕೆಲಸ ಬಿಟ್ಟು ಬಾಗಿಲಿಗೆ ಅಡ್ಡ ಕುಂದರತಿದ್ರು. ಗಡ್ಡಿಗೆ ನಾ ಹೊಸದ ಹಗ್ಗ ಒಯ್ದ್ರ ಯೂಕೊ ಕೈಯಾಗ ಹಿಡದು ನೋಡಿ ತಿರುಗಿ ಕೊಟ್ಲಂತ. ಬಿಗಿಯಾಗದ ಆ ಎರಡು ಬೆರಳಿನ ಗಂಟು ಕಡೀಕ ನಾನೂ ಕಲ್ತೆ.

ಒಂದಿನ ಇವರು ಇರಲಿಲ್ಲ. ಹಾರನ್ ಶುರು ಆತು. ನಾ ಹಗ್ಗ ಹಿಡಕೊಂಡು, ಇವರು ಕುಂದರೋ ಜಾಗದಾಗ ಕುಂತು, “ಕಟ್ಲೇನವ್ವಾ ದುರುಗಿ?” ಅಂದೆ.

ಆಕಿ ನನ್ನ ಮಾರಿ ನೋಡಿದ್ಲು. ಹುಚ್ಚಿನ ಕಣ್ಣಲ್ಲ ಅವು.

“ಆವತ್ತು ಸಾಕು ಅಂದಿದ್ದೆ, ಅತ್ತಿಗಿ. ನೀ ಕೊಡ ಹಿಡಕೊಂಡು ಹೊಸ್ತಿಲದಾಗ ನಿಂತಿದ್ದಿ. ತಿರುಗಿ ನೋಡಿ ಹ್ವಾದಿ.”

ಖರೇ ಐತಿ. ನಿಂತಿದ್ದೆ. ಮೂರು ಸರ್ತಿ ಸಾಕು ಅಂದಿದ್ದು ಕೇಳಿದ್ದೆ. ಹುಚ್ಚಿ, ದಿನಾ ಒದರತಾಳ ಅಂದುಕೊಂಡು ನೀರಿಗೆ ಹೋಗಿದ್ದೆ.

ಆಕಿ ನೆಟ್ಟಗಿದ್ದ ಎಡಗೈನ ಬೆನ್ನ ಹಿಂದ ಮುಚ್ಚಿಟ್ಟುಕೊಂಡ್ಲು. ನಾ ಹಗ್ಗ ಕೆಳಗಿಟ್ಟು, ಎದ್ದು ಹೋಗಿ ಬಾಗಿಲಿಗೆ ಅಡ್ಡ ಕುಂತೆ.