ಎಲೆಯೊಳಗೆ ಬೆಳೆದ ಪತಂಗ

ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದ ಮೇಲೆ, ಸಣ್ಣದು ಅಂದರೆ ಏನೆಂದು ತಮಗೆ ಗೊತ್ತಿದೆ ಎಂದೇ ವಾಚಿನ ಯಜಮಾನರು ತಿಳಿದಿದ್ದರು. ಸ್ಕ್ರೂ ಕೆಳಗೆ ಬಿದ್ದರೆ ಸದ್ದು ಕೇಳಿಯೇ ಎಲ್ಲಿದೆ ಎಂದು ಹೇಳುವ ಆಸಾಮಿ.

ಹೆಂಡತಿಯ ಮಂಡಿನೋವಿಗೆ ಡಾಕ್ಟರು ನಡಿಗೆ ಹೇಳಿದ್ದರಿಂದ, ಇಬ್ಬರೂ ದಿನಾ ಬೆಳಿಗ್ಗೆ ಊರಾಚೆಯ ಕಾಡಿನ ದಾರಿ ಹಿಡಿಯುತ್ತಿದ್ದರು. ಒಂದು ದಿನ ಆಕೆ ಸುಸ್ತಾಗಿ ಕಲ್ಲಿನ ಮೇಲೆ ಕೂತಾಗ, ಪಕ್ಕದ ಗಿಡದ ಎಲೆಯಲ್ಲಿ ಬಿಳಿ ಗೀರೊಂದು ಯಜಮಾನರ ಕಣ್ಣಿಗೆ ಬಿತ್ತು. ಜೇಬಿನಲ್ಲಿದ್ದ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿ, ಎಲೆಯನ್ನು ಬೆಳಕಿಗೆ ಹಿಡಿದರು.

"ಇವಳೇ, ಇದರೊಳಗೆ ಯಾರೋ ಇದ್ದಾರೆ ಕಣೇ!"

"ಕಾಗದದಷ್ಟು ತೆಳ್ಳಗಿದೆ, ಅದರೊಳಗೆ ಯಾರ್ರೀ ಇರ್ತಾರೆ?"

ಇದ್ದದ್ದು ಹುಳು. ಎಲೆಯ ಎರಡು ಪೊರೆಗಳ ನಡುವಿನ ಹಸಿರನ್ನು ತಿನ್ನುತ್ತಾ ಸಾಗುತ್ತಿತ್ತು. ಗೀರಿನ ತುದಿಯಲ್ಲಿ ಮೊಟ್ಟೆ ಅಂಟಿದ್ದ ಹೊಳೆಯುವ ಚುಕ್ಕೆ; ಅಲ್ಲಿಂದ ದಾರಿ ಕೂದಲೆಳೆಯಂತೆ ಹೊರಟು, ಹುಳು ಬೆಳೆದಂತೆಲ್ಲ ಅಗಲವಾಗಿತ್ತು. ಅಂದಿನಿಂದ ದಿನಾ ಇಬ್ಬರೂ ಆ ಗಿಡದ ಬಳಿ ನಿಂತು ನೋಡತೊಡಗಿದರು.

ಎಂಟನೆಯ ದಿನ, ಇಬ್ಬರ ಕಣ್ಣೆದುರೇ ಅದು ಎಲೆ ಸೀಳಿ ಹೊರಬಂದು, ನೂಲಿಗೆ ಜೋತು ನೆಲಕ್ಕಿಳಿದು, ತರಗೆಲೆಯ ಮೇಲೆ ಎಳ್ಳಿನಷ್ಟು ಗೂಡು ನೇಯತೊಡಗಿತು.

ಅಷ್ಟರಲ್ಲಿ ಕಾಡಿನ ಕಾವಲುಗಾರ ಪೊರಕೆ ಹಿಡಿದು ಬಂದ. ದಾರಿ ಬದಿಯ ತರಗೆಲೆ ಗುಡಿಸಿ ಸುಡುವುದು ಪ್ರತಿವರ್ಷದ ಕೆಲಸ.

"ಈ ಒಂದು ಮೂಲೆ ಬಿಟ್ಟುಬಿಡಪ್ಪಾ," ಎಂದರು ಯಜಮಾನರು.

"ಯಾಕೆ ಯಜಮಾನ್ರೇ, ಉಂಗುರ ಬೀಳಿಸ್ಕೊಂಡ್ರಾ?"

ಕಾರಣ ಕೇಳಿ ಬಿದ್ದು ಬಿದ್ದು ನಕ್ಕ. ಹೆಂಡತಿ ಮಾತ್ರ ಮಂಡಿನೋವು ಮರೆತು ಆ ಎಲೆಗಳಿಗೆ ಅಡ್ಡ ಕುಕ್ಕರಿಸಿಬಿಟ್ಟರು. "ನಗು ನೀನು. ನಾನಂತೂ ಏಳಲ್ಲ."

"ಅಯ್ಯೋ, ಇರ್ಲಿ ಬಿಡಿ ತಾಯಿ," ಎಂದು ಅವನು ಮುಂದೆ ಹೋದ.

ಮರುದಿನ ಆಕೆ ಮನೆಯಿಂದ ಹಿಟ್ಟಿನ ಜರಡಿ ತಂದು ಗೂಡಿನ ಮೇಲೆ ಬೋರಲು ಹಾಕಿದರು. ಚಳಿಗಾಲವಿಡೀ ಏನೂ ಇಲ್ಲ. ಯಜಮಾನರು ಆಸೆ ಬಿಟ್ಟರು, ಆಕೆ ಬಿಡಲಿಲ್ಲ.

ಮರಗಳು ಚಿಗುರಿದ ವಾರ, ಜರಡಿಯ ಒಳಗೋಡೆಯ ಮೇಲೆ ಒಂದು ಚೂರು ಹೊಳೆಯಿತು. ಅಕ್ಕಿಯ ನುಚ್ಚಿಗಿಂತ ದೊಡ್ಡದಲ್ಲ. ಭೂತಗನ್ನಡಿಯಲ್ಲಿ ನೋಡಿದರೆ ತಾಮ್ರದ ರೆಕ್ಕೆ, ಅದಕ್ಕೆ ಅಡ್ಡ ಬೆಳ್ಳಿ ಪಟ್ಟಿ, ತಲೆಯ ಮೇಲೆ ಕೆಂಚುಗೂದಲು, ರೆಕ್ಕೆಯಂಚಿಗೆ ಒಂದೊಂದೇ ಎಣಿಸಬಹುದಾದ ಕುಚ್ಚು. ಯಜಮಾನರು ಉಸಿರು ಬಿಗಿಹಿಡಿದು ನೋಡಿದರು. ಇಷ್ಟು ನಾಜೂಕಿನ ಕೆಲಸ ಅವರ ಕೈಗೆಂದೂ ಬಂದಿರಲಿಲ್ಲ.

ಕಾವಲುಗಾರನನ್ನೂ ಕೂಗಿ ಕರೆದರು. ಅವನು ನಗುತ್ತಲೇ ಬಗ್ಗಿದ. ಏಳುವಾಗ ನಗು ಇರಲಿಲ್ಲ.

"ಇಷ್ಟು ವರ್ಷ ಎಷ್ಟು ಸುಟ್ಟಿದ್ದೀನೋ," ಎಂದ ಮೆಲ್ಲಗೆ.

ಜರಡಿ ಎತ್ತಿದರು. ಪತಂಗ ಅರೆಗಳಿಗೆ ಬಿಸಿಲು ಕಾಯಿಸಿ, ಕೊಂಬೆಗಳ ನಡುವೆ ಕಾಣದಾಯಿತು.

ಆ ವರ್ಷದಿಂದ ಕಾವಲುಗಾರ ದಾರಿ ಗುಡಿಸುತ್ತಾನೆ, ತರಗೆಲೆಯನ್ನು ಮರಗಳ ಬುಡಕ್ಕೆ ಹರಡುತ್ತಾನೆ. ಬೆಂಕಿ ಹಚ್ಚುವುದಿಲ್ಲ.