ಸೋಮಲಿಂಗಯ್ಯನ ಹತ್ಯಾರದ ಪೆಟ್ಟಿಗೆ

ಊರೂರಿನವರು ಸಾಯುವುದಕ್ಕೆ ಕಾಶಿಗೆ ಬರುತ್ತಾರೆ. ನಮ್ಮ ಮಠದ ಪಿಕಪ್ ಓಡಿಸುವ ಸೋಮಲಿಂಗಯ್ಯನ ಹೆಂಡತಿ ದಾಕ್ಷಾಯಣಿ ಮಾತ್ರ ಸಾಯುವ ಮೊದಲು ಕಾಶಿ ಬಿಡಬೇಕೆಂದು ಹಟ ಹಿಡಿದಳು. ಹೃದಯ ಸೋತಿದೆ, ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಭೇಲೂಪುರದ ಡಾಕ್ಟರು ಹೇಳಿಯಾಗಿತ್ತು. ನಮ್ಮವರಲ್ಲಿ ಸುಡುವುದಿಲ್ಲ, ಕೂಡ್ರಿಸಿ ಮಣ್ಣು ಮಾಡುತ್ತಾರೆ. ಹುಮನಾಬಾದಿನ ಹತ್ತಿರದ ಅವರ ಹೊಲದಲ್ಲಿ ಅವಳ ಚೊಚ್ಚಲ ಕೂಸು ಮಣ್ಣಾಗಿತ್ತು. ಅದರ ಮಗ್ಗುಲಲ್ಲಿ ತನ್ನನ್ನೂ ಕೂಡ್ರಿಸಬೇಕು ಎನ್ನುವುದೊಂದೇ ಅವಳ ಆಸೆ.

"ಹೆಣ ಅಷ್ಟು ದೂರ ಒಯ್ಯಾಕ ಆಗೂದಿಲ್ಲ. ಜೀವ ಇದ್ದಾಗೇ ಒಯ್ಯಿರಿ," ಎಂದು ಗಂಡನಿಗೆ ಹೇಳಿದಳು.

ನಾನು ನೀಲಗಂಗಮ್ಮ, ಮಠದ ಅಡುಗೆಯವಳು. ಬಂಗಾಲಿ ಟೋಲಾದಲ್ಲಿ ಅವರ ಕೋಣೆಗೂ ನನ್ನ ಕೋಣೆಗೂ ನಡುವೆ ಒಂದೇ ಗೋಡೆ. ಹಾಗಾಗಿ ಅವರ ಮನೆಯ ಸುಖದುಃಖ ನನಗೆ ಕೇಳಿ ತಿಳಿಯಬೇಕಾಗಿರಲಿಲ್ಲ. ಒಮ್ಮೆ ಸೋಮಲಿಂಗಯ್ಯ ಅವಳನ್ನು ರೈಲು ಹತ್ತಿಸಿದ. ಡಬ್ಬಿಯ ನೂಕಾಟದಲ್ಲಿ ಅವಳಿಗೆ ಉಸಿರು ಸಿಗದೆ ಮೊಘಲ್‌ಸರಾಯ್‌ನಲ್ಲೇ ಇಳಿಸಿ ವಾಪಸು ತಂದ. ಆಮೇಲೆ ಮಠದ ಕಾರಭಾರಿ ಕುಮಾರಯ್ಯನವರು, "ಪಿಕಪ್ ತಗೊಂಡ ಹೋಗೋ ಮಾರಾಯ, ಹಿಂದ ಗಾದಿ ಹಾಸಿ ಮಲಗಿಸು," ಎಂದರು. ಇನ್ನೇನು ಬೇಕಿತ್ತು? ಹೊರಡುವುದಷ್ಟೇ.

ಆದರೆ ಸೋಮಲಿಂಗಯ್ಯ ಹೊರಡಲಿಲ್ಲ. ಅವನದು ಮೊದಲಿನಿಂದಲೂ ಅಂಜುಬುರುಕ ಸ್ವಭಾವ. ಸ್ಟೇಷನ್ನಿಗೆ ಅಕ್ಕಿ ತರಲು ಹೋಗುವಾಗಲೂ ನಾಲ್ಕೂ ಗಾಲಿ ಒದ್ದು ನೋಡುವವನು. "ರೀವಾ ದಾಟಿದ ಮ್ಯಾಲೆ ಜಂಗಲ್ ಅದ, ನೀಲಕ್ಕ. ಅಲ್ಲಿ ಗಾಡಿ ನಿಂತ್ರ ಇಕಿನ್ನ ಎಲ್ಲಿ ಮಲಗಿಸಲಿ? ಮೊದಲ ರಿಪೇರಿ ಸಾಮಾನು ಇಡಾಕ ಒಂದು ಚಲೋ ಹತ್ಯಾರದ ಪೆಟ್ಟಿಗಿ ಆಗಬೇಕು," ಎಂದ.

ಪೆಟ್ಟಿಗೆ ಹುಡುಕಲು ಶುರುಮಾಡಿದ. ಪ್ಲಾಸ್ಟಿಕ್ಕಿನದು ಬಿಸಿಲಿಗೆ ಸೀಳುತ್ತದೆ. ಅಲ್ಯೂಮಿನಿಯಂನದು ನೋಡಲು ಚೆಂದ, ಆದರೆ ಚಿಲಕ ಸಡಿಲ. ತಗಡಿನದರೊಳಗೆ ನೀರು ಇಳಿಯುತ್ತದೆ. ಕೊನೆಗೆ ಒಬ್ಬ ಕಮ್ಮಾರನ ಹತ್ತಿರ ದಪ್ಪ ಉಕ್ಕಿನದು, ಮುಚ್ಚಳಕ್ಕೆ ರಬ್ಬರಿನ ಅಂಚು ಇರುವುದು ಮಾಡಿಸಲು ಕೊಟ್ಟ. ಎಲ್ಲರೂ ಅದನ್ನು ಕ್ಯಾಬಿನ್ನಿನ ಬೆನ್ನಿಗೆ ಅಡ್ಡ ಕೂಡಿಸುತ್ತಾರೆ. ಇವನು ಗಾಡಿಯ ಹಿಂದೆ ತಾನೇ ಅಂಗಾತ ಮಲಗಿ ನೋಡಿ, ಹಾಗೆ ಕೂಡಿಸಿದರೆ ಅವಳ ಕಾಲು ಮಡಚಬೇಕಾಗುತ್ತದೆ ಎಂದು ಪಕ್ಕಕ್ಕೆ, ಗಾಲಿಯ ಹಿಂದೆ, ಬೋಲ್ಟ್ ಹಾಕಿಸಿದ. ಆ ಕಮ್ಮಾರ ಮೊದಲು ಮಾಡಿದ್ದು ಗಾತ್ರದಲ್ಲಿ ತಪ್ಪಿ, ಮತ್ತೆ ಮಾಡಬೇಕಾಯಿತು.

ಆಮೇಲೆ ತುಂಬಿಸುವ ಸಂಭ್ರಮ. ಜಾಕು, ಪಾನಾ, ಫ್ಯಾನ್ ಬೆಲ್ಟು, ಪಂಕ್ಚರ್ ಸಾಮಾನು, ಕ್ಲಚ್ ವೈರು, ಫ್ಯೂಜು, ಎಳೆಯುವ ಹಗ್ಗ. ಓಡುವಾಗ ಗಡಗಡ ಸದ್ದಾಗಿ ಅವಳ ನಿದ್ದೆ ಕೆಡಬಾರದೆಂದು ಒಂದೊಂದನ್ನೂ ಅವಳ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ. ನೋಡಿದರೆ ಮರುಕವೂ ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು. ಗೋಡೆಯಾಚೆ ಅವಳ ಉಸಿರು ದಿನದಿನಕ್ಕೆ ಗಿಡ್ಡವಾಗುತ್ತಿತ್ತು.

"ಆತಿಲ್ಲೋ, ಇನ್ನರೆ ಹೊಂಡು," ಎಂದೆ.

"ಅಮಾಸಿ ಹತ್ತರ ಬಂತಲ್ಲ ನೀಲಕ್ಕ. ಗಾಡಿಗಿ, ಹೊಸ ಹತ್ಯಾರಕ್ಕ ಪೂಜಿ ಮಾಡಿ, ಗಾಲಿಗಿ ನಿಂಬಿಹಣ್ಣು ಇಟ್ಟೇ ಹೊಂಡತೀನಿ."

ನಮ್ಮ ಕಡೆ ಡ್ರೈವರುಗಳು ಅಮಾವಾಸ್ಯೆಯ ಪೂಜೆ ತಪ್ಪಿಸುವುದಿಲ್ಲ, ನನಗೂ ಗೊತ್ತು. ಆದರೆ ಸಾಯುವವಳಿಗೆ ಯಾವ ಅಮಾವಾಸ್ಯೆ, ಯಾವ ಹುಣ್ಣಿಮೆ? ಬಾಯಿಗೆ ಬಂದಂತೆ ಬೈದೆ. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ದಾಕ್ಷಾಯಣಿಯೇ ನನ್ನ ಕೈ ಹಿಡಿದು, "ಬೈಬ್ಯಾಡಕ್ಕ, ನನ್ನ ಸಲುವಾಗೇ ಮಾಡಾಕತ್ತಾರ," ಎಂದಳು.

ಅಮಾವಾಸ್ಯೆಯ ಹಿಂದಿನ ಮಧ್ಯಾಹ್ನ ನಾನು ಅವಳಿಗೆ ಗಂಜಿ ಕುಡಿಸುತ್ತಿದ್ದೆ. ಗಲ್ಲಿಯೊಳಗೆ ಗಾಡಿ ಬರುವುದಿಲ್ಲ, ಸೋಮಲಿಂಗಯ್ಯ ದೊಡ್ಡ ರಸ್ತೆಯಲ್ಲಿ ಅದನ್ನು ತೊಳೆಯುತ್ತಿದ್ದ. "ನಾಳಿಗಿ ಹೌದಲ್ಲಕ್ಕ?" ಎಂದು ಕೇಳಿದಳು. ಹೌದು ಎಂದೆ. ಎರಡನೆಯ ಚಮಚ ಗಂಜಿ ಕಟಬಾಯಿಯಿಂದ ಹೊರಗೆ ಇಳಿಯಿತು.

ಸುದ್ದಿ ಮುಟ್ಟಿದ್ದೇ ಅವನು ಒದ್ದೆ ಕೈಯಲ್ಲೇ ಓಡಿ ಬಂದ. ಅಳಲಿಲ್ಲ. "ಈಗ್ಲೇ ಹೊಂಡತೀನಿ, ಸುತ್ತ ಬರ್ಫಿನ ಗಡ್ಡಿ ಹಾಕ್ಕೊಂಡು ಒಯ್ತೀನಿ," ಎಂದು ಅವಳನ್ನು ಎತ್ತಲು ಹೋದ. ಕುಮಾರಯ್ಯನವರು ಅವನ ರಟ್ಟೆ ಹಿಡಿದರು. "ಎರಡು ದಿನದ ದಾರಿ, ಇಂಥಾ ಬಿಸಿಲು. ಹೊಲಕ್ಕ ಮುಟ್ಟೂದ್ರಾಗ ಆ ತಾಯಿ ಮಾರಿ ನೋಡಂಗ ಇರಂಗಿಲ್ಲಪ್ಪ," ಎಂದರು. ಅವನು ಅವಳ ಮೇಲಿಂದ ಕೈ ತೆಗೆದ.

ಸಾರನಾಥದ ಕಡೆ ನಮ್ಮವರಿಗೆಂದು ಒಂದು ತುಂಡು ಭೂಮಿ ಇದೆ. ವಿಭೂತಿ ಹಚ್ಚಿ, ಪಿಕಪ್ಪಿನ ಹಿಂದೆ ಅವಳನ್ನು ಕೂಡ್ರಿಸಿ, ನಾವು ನಾಲ್ಕು ಜನ ಹಿಡಿದುಕೊಂಡೆವು. ಬೇರೆಯವರು ಓಡಿಸುತ್ತೇವೆ ಎಂದರೂ ಸೋಮಲಿಂಗಯ್ಯ ಬಿಡಲಿಲ್ಲ. ಹೊಂಡ ಬಂದರೆ ನಿಧಾನ ಮಾಡಿ, ಬಹಳ ಹುಷಾರಾಗಿ ಓಡಿಸಿದ. ಗಾಡಿ ಎಲ್ಲಿಯೂ ನಿಲ್ಲಲಿಲ್ಲ.

ಮಣ್ಣು ಕೊಟ್ಟು ಎಲ್ಲರೂ ತಿರುಗಿದ ಮೇಲೂ ಅವನು ಅಲ್ಲೇ ನಿಂತಿದ್ದ. ಕರೆಯಲು ಹೋದೆ.

"ನೀಲಕ್ಕ," ಎಂದ, "ಅಲ್ಲಿ ಹೊಲದಾಗ ಆ ಕೂಸು ಒಂಟಿ ಆತಲ್ಲ."

ಇಷ್ಟು ದಿನ ಅವನಿಗೆ ಬಾಯಿತುಂಬ ಬೈದವಳು ನಾನು. ಆಗ ಅವನ ಕೈ ಹಿಡಿದು ಗಾಡಿಯ ಕಡೆ ಕರೆದುಕೊಂಡು ಹೋದೆ.