ಬಲಗೈಯ ಚೇಳು

ಗಜೇಂದ್ರಗಡದ ಫಕೀರವ್ವನ ಎಡಗೈ ಮಣಿಕಟ್ಟಿನ ಮೇಲೆ ಹಚ್ಚೆಯ ಚೇಳೊಂದಿದೆ. ಬಾಲ ಹೆಬ್ಬೆರಳಿನ ಕಡೆಗೆ ತಿರುಗಿದೆ, ಸುತ್ತ ಐದು ಚುಕ್ಕೆ. ಅರವತ್ತಾರು ವರ್ಷದ ಹಿಂದೆ ಲಕ್ಕಲಕಟ್ಟಿಯಲ್ಲಿ, ಅವಳ ತವರುಮನೆಯ ಕಟ್ಟೆಯ ಮೇಲೆ ಕೂತು ಹಚ್ಚೆಯ ಮುದುಕಿಯೊಬ್ಬಳು ಅದನ್ನು ಚುಚ್ಚಿದ್ದಳು. ಅದೇ ದಿನ ಅದೇ ಸೂಜಿಯಿಂದ ಅಂಥದೇ ಇನ್ನೊಂದು ಚೇಳನ್ನು ಫಕೀರವ್ವನ ಜೊತೆ ಹುಟ್ಟಿದ ಮಾನವ್ವನ ಬಲಗೈಗೆ ಚುಚ್ಚಿದಳು. ಅದರ ಬಾಲವೂ ಹೆಬ್ಬೆರಳಿನ ಕಡೆಗೇ. ಅವಳಿ ಹುಡುಗಿಯರಲ್ಲಿ ಯಾರು ಯಾರೆಂದು ಹೆತ್ತ ತಾಯಿಗೇ ತಿಳಿಯುತ್ತಿರಲಿಲ್ಲ. ಒಂದು ಸಂಜೆ ಒಬ್ಬಳಿಗೇ ಎರಡು ಸಲ ಉಣ್ಣಿಸಿ ಇನ್ನೊಬ್ಬಳನ್ನು ಉಪವಾಸ ಮಲಗಿಸಿದ್ದು ಬೆಳಿಗ್ಗೆ ಗೊತ್ತಾದ ಮೇಲೆ ಆಕೆ ಹಚ್ಚೆಯವಳನ್ನು ಕರೆಸಿದ್ದಳು. ಅಂದಿನಿಂದ ಯಾರಾದರೂ "ನೀ ಯಾವಾಕಿ?" ಎಂದು ಕೇಳಿದರೆ ಹುಡುಗಿಯರು ಬಾಯಿ ತೆರೆಯುತ್ತಿರಲಿಲ್ಲ, ಕೈ ಚಾಚುತ್ತಿದ್ದರು.

ಹನ್ನೊಂದನೆಯ ವಯಸ್ಸಿಗೆ ಮಾನವ್ವ ಬಾವಿಗೆ ಬಿದ್ದು ಸತ್ತಳು. ಹೆಣ ಮೇಲೆ ಬಂದಾಗಲೂ ಜನ ಮೊದಲು ನೋಡಿದ್ದು ಕೈಯನ್ನೇ.

ಫಕೀರವ್ವ ಬೆಳೆದು ಗಜೇಂದ್ರಗಡದ ನೇಕಾರ ಅಮೋಘಸಿದ್ದನ ಹೆಂಡತಿಯಾದಳು. ಗಂಡ ಮಗ್ಗಕ್ಕೆ ಕೂತರೆ ಅವಳು ರಾಟಿಗೆ ಕೂರುವಳು. ಬಲಗೈಯಿಂದ ರಾಟಿ ತಿರುಗಿಸುತ್ತ, ಎಡಗೈಯ ಎರಡು ಬೆರಳ ನಡುವೆ ನೂಲು ಹಾಯಿಸುತ್ತ, ಲಾಳಿಯೊಳಗೆ ಇಡುವ ಸಣ್ಣ ಕಂಡಿಕೆಗಳನ್ನು ಸುತ್ತುವುದು ಅವಳ ಕೆಲಸ. ಐವತ್ತು ವರ್ಷ ಅದನ್ನೇ ಮಾಡಿದಳು. ನೂಲಿನಲ್ಲಿ ಕೂದಲೆಳೆಯಷ್ಟು ಗಂಟಿದ್ದರೂ ಅವಳ ಬೆರಳು ನಿಲ್ಲುತ್ತಿತ್ತು. ಗಂಡ ತೀರಿಕೊಂಡ, ಮಗ ರಾಯಣ್ಣ ಅದೇ ಮಗ್ಗಕ್ಕೆ ಇಳಿದ. ರಾಟಿಯ ಮುಂದಿನ ಮಣೆಯ ಮೇಲೆ ಮಾತ್ರ ಬೇರೆ ಯಾರೂ ಕೂರಲಿಲ್ಲ. ಸೊಸೆ ಮಹೇಶ್ವರಿ ಒಮ್ಮೆ ಸುತ್ತಿದ ಕಂಡಿಕೆ ನಡುವೆಯೇ ಸಡಿಲಾಗಿ ಸೆರಗಿನ ಅಂಚು ಕೆಟ್ಟಿತ್ತು. "ಅತ್ತಿ ಕೈಗೆ ದೇವರು ಕಣ್ಣು ಇಟ್ಟಾನ, ನನ್ನ ಕೈಗೆ ಬರೇ ಉಗುರು ಕೊಟ್ಟಾನ" ಎಂದು ಅವಳು ಅತ್ತ ತಲೆ ಹಾಕುವುದನ್ನೇ ಬಿಟ್ಟಳು.

ಕಳೆದ ವರ್ಷ ಬಚ್ಚಲಲ್ಲಿ ಜಾರಿ ಫಕೀರವ್ವನ ಬಲ ಮಣಿಕಟ್ಟು ಮುರಿಯಿತು. ಆರು ವಾರ ಪಟ್ಟಿ ಕಟ್ಟಿದರು. ಬಿಚ್ಚಿದಾಗ ಎಲುಬು ಕೂಡಿತ್ತು, ಆದರೆ ಕೈ ಬಾತು, ಕೆಂಪಾಗಿ, ಎಣ್ಣೆ ಸವರಿದಂತೆ ಮಿರುಗುತ್ತಿತ್ತು. ಸೀರೆಯ ಸೆರಗು ತಾಗಿದರೂ ಕೆಂಡ ತಾಗಿದ ಹಾಗೆ. ಬೆರಳುಗಳು ಅರ್ಧ ಮಡಚಿದಲ್ಲೇ ನಿಂತುಬಿಟ್ಟಿದ್ದವು. ಮುಚ್ಚು ಎಂದರೆ ಮುಚ್ಚವು, ಬಿಚ್ಚು ಎಂದರೆ ಬಿಚ್ಚವು. ಅದೆಲ್ಲಕ್ಕಿಂತ ಅವಳಿಗೆ ದಿಗಿಲಾದದ್ದು ಬೇರೆಯದಕ್ಕೆ. ಮಧ್ಯಾಹ್ನ ಸುಮ್ಮನೆ ಕೂತಾಗ ಆ ಕೈ ತನ್ನದು ಅನ್ನಿಸುತ್ತಿರಲಿಲ್ಲ. ಯಾರೋ ಪಕ್ಕದಲ್ಲಿ ಒತ್ತಿಕೊಂಡು ಕೂತು, ತಮ್ಮ ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟ ಹಾಗಿರುತ್ತಿತ್ತು. ತಿರುಗಿ ನೋಡಿದರೆ ಯಾರೂ ಇಲ್ಲ.

ರೋಣದ ಒಂದು ಖಾಸಗಿ ದವಾಖಾನೆಯ ಮಾಳಿಗೆಯಲ್ಲಿ ಕೈ ಮತ್ತು ಮಣಿಕಟ್ಟಿನ ಚಿಕಿತ್ಸೆ ಮಾಡುವವರಿಗೆ ಐದು ದಿನದ ತರಬೇತಿ ನಡೆಯುತ್ತದೆ, ಕಲಿಯುವವರಿಗೆ ನಿಜವಾದ ರೋಗಿಗಳು ಬೇಕಂತೆ ಎಂದು ಮಹೇಶ್ವರಿಗೆ ಸುದ್ದಿ ಬಂತು. ಅತ್ತೆಯನ್ನು ಬೆಳಗಿನ ಬಸ್ಸಿಗೆ ಹತ್ತಿಸಿಕೊಂಡು ಹೋದಳು. ಅಲ್ಲಿ ಹನ್ನೆರಡು ಮಂದಿ ಕಲಿಯುವವರು, ಹನ್ನೆರಡು ಮಂದಿ ಕೈ ಕೆಟ್ಟವರು. ಕಲಿಸುವವರು ಮಾಲತೇಶ ಸರ್. ಫಕೀರವ್ವ ನರಗುಂದದ ಸಿಮ್ರಾನಳ ಪಾಲಿಗೆ ಬಂದಳು. ಇಪ್ಪತ್ತೈದರ ಹುಡುಗಿ, ಮುಟ್ಟುವ ಮೊದಲು ತನ್ನ ಅಂಗೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದಳು. ಅಷ್ಟಕ್ಕೇ ಫಕೀರವ್ವನಿಗೆ ಅವಳು ಸೇರಿದಳು.

ಮೊದಲ ದಿನ ಕೈಗಳ ಚಿತ್ರವಿರುವ ನಲವತ್ತು ಕಾರ್ಡು ತೋರಿಸಿದರು. ಮಡಚಿದ ಕೈ, ತಲೆಕೆಳಗಾದ ಕೈ, ಬೆನ್ನು ತಿರುಗಿಸಿದ ಕೈ. ಎಡವೋ ಬಲವೋ, ತಡಮಾಡದೆ ಹೇಳಬೇಕು. ಪಕ್ಕದ ಮೇಜಿನಲ್ಲಿ ಅಬ್ಬಿಗೇರಿಯ ಜಂಗ್ಲಿಸಾಬ ಸೋತು ಕೂತ.

"ನನಗ ಎಲ್ಲಾ ಒಂದs ಕಾಣ್ತಾವ್ರಿ. ಇದ್ರಾಗ ಬೀಡಿ ಹಿಡಿಯೋ ಕೈ ಯಾವುದು, ಅಷ್ಟ ಹೇಳ್ರಿ, ಉಳಿದದ್ದು ನಾ ಹೇಳ್ತೀನಿ."

ಫಕೀರವ್ವ ನಲವತ್ತನ್ನೂ ತಪ್ಪಿಲ್ಲದೆ ಹೇಳಿದಳು. ಮಾಲತೇಶ ಸರ್ ಹತ್ತಿರ ಬಂದರು.

"ಇಂಥಾ ಬ್ಯಾನಿ ಇದ್ದವರು ಭಾಳ ತಪ್ತಾರಮ್ಮಾ. ನೀವು ಹ್ಯಾಂಗ ಹೇಳಿದ್ರಿ?"

"ನಮ್ಮನ್ಯಾಗ ಎಡಾ ಬಲಾ ತಪ್ಪಿದ್ರ ಊಟಾ ತಪ್ಪತಿತ್ರೀ" ಎಂದಳು. ಎಲ್ಲರೂ ನಕ್ಕರು. ಅವಳು ನಗಲಿಲ್ಲ.

ಎರಡನೆಯ ದಿನ ಕನ್ನಡಿ ಬಂತು. ಮೊಳದಷ್ಟು ಕನ್ನಡಿಯನ್ನು ಮೇಜಿನ ನಡುವೆ, ಅವಳ ಎದೆಗೆ ನೇರವಾಗಿ ಅಡ್ಡಗೋಡೆಯಂತೆ ನಿಲ್ಲಿಸಿದರು. ಕೆಟ್ಟ ಬಲಗೈ ಅದರ ಹಿಂದೆ, ಕಾಣದಂತೆ. ಒಳ್ಳೆಯ ಎಡಗೈ ಅದರ ಮುಂದೆ. ಕನ್ನಡಿಯೊಳಗೆ ನೋಡಿದರೆ ಎಡಗೈಯ ಬಿಂಬವೇ ಬಲಗೈಯಾಗಿ ಕಾಣುತ್ತದೆ. ಅದು ನೋವಿಲ್ಲದೆ ಆಡುವುದನ್ನು ಕಂಡು ಕಂಡು, ಬಲಗೈಯನ್ನು ಮರೆತ ಮನಸ್ಸು ಮತ್ತೆ ಅದನ್ನು ನೆನೆಯುತ್ತದೆ.

"ಬಳಿ ತಗೀರಿ ಆಯಿ" ಎಂದು ಕಲಿತ ಪಾಠ ಒಪ್ಪಿಸಿದ ಸಿಮ್ರಾನ ತಟ್ಟನೆ ನಾಲಿಗೆ ಕಚ್ಚಿಕೊಂಡಳು.

"ತಗಿಯಾಕ ಏನೈತಿ ಯವ್ವಾ. ಹತ್ತು ವರ್ಷ ಆತು ತಗದು."

ಆ ಗಾಬರಿಯಲ್ಲಿ ಸಿಮ್ರಾನ ಇನ್ನೊಂದು ಪಾಠವನ್ನು ಮರೆತಳು. ಒಳ್ಳೆಯ ಕೈಯ ಮೇಲೆ ಹಚ್ಚೆ, ಕಲೆ ಏನಿದ್ದರೂ ಮುಚ್ಚಬೇಕಿತ್ತು.

ಫಕೀರವ್ವ ಕನ್ನಡಿಯೊಳಗೆ ನೋಡಿದಳು. ಅಲ್ಲೊಂದು ಬಲಗೈ ಇತ್ತು. ಮಣಿಕಟ್ಟಿನ ಮೇಲೆ ಚೇಳು, ಐದು ಚುಕ್ಕೆ, ಬಾಲ ಹೆಬ್ಬೆರಳಿನ ಕಡೆಗೆ.

ಅಂಥ ಬಲಗೈ ಲೋಕದಲ್ಲಿ ಒಂದೇ ಇತ್ತು. ಅದು ಮಣ್ಣಾಗಿ ಅರವತ್ತೊಂದು ವರ್ಷವಾಗಿತ್ತು. ಅವಳನ್ನು ಹೆಚ್ಚು ನಡುಗಿಸಿದ್ದು ಚೇಳಲ್ಲ. ಆ ಕೈಗೂ ವಯಸ್ಸಾಗಿತ್ತು. ನರ ಉಬ್ಬಿ, ತೊಗಲು ಸುಕ್ಕಾಗಿ, ಇಷ್ಟೂ ವರ್ಷ ಎಲ್ಲೋ ಕೂತು ತನ್ನ ಜೊತೆಜೊತೆಗೇ ಮುದುಕಿಯಾದಂತೆ ಇತ್ತು.

"ಸಾವಕಾಶ ಮುಷ್ಟಿ ಹಿಡೀರಿ" ಎಂದಳು ಸಿಮ್ರಾನ. ಎಡಗೈ ಮುಚ್ಚಿತು. ಕನ್ನಡಿಯ ಕೈಯೂ ಮುಚ್ಚಿತು. ಕನ್ನಡಿಯ ಹಿಂದೆ ಬಗ್ಗಿ ನೋಡುತ್ತಿದ್ದ ಸಿಮ್ರಾನ ಕೂಗಿದಳು. "ಆಯಿ! ಬಲಗೈ ಮುಚ್ಚಾಕ್ಹತ್ತೇತಿ!"

"ಈಗ ಬಿಚ್ಚರಿ."

ಫಕೀರವ್ವ ಬಿಚ್ಚಲಿಲ್ಲ. ಮುಷ್ಟಿಯನ್ನು ಹಾಗೇ ಎದೆಗೆ ಎಳೆದುಕೊಂಡು, "ಇವತ್ತಿಗೆ ಸಾಕು" ಎಂದು ಎದ್ದುಬಿಟ್ಟಳು. ಮನೆಗೆ ಬಂದವಳೇ ಗೋಡೆಯ ಕನ್ನಡಿಯನ್ನು ಬೆನ್ನು ಮಾಡಿ ತೂಗುಹಾಕಿದಳು.

ಮರುದಿನ ಮಾಲತೇಶ ಸರ್ ಹಚ್ಚೆಯನ್ನು ಕಂಡು ಸಿಮ್ರಾನಳನ್ನು ಗದರಿದರು. "ಹಿಂದ ಇಟ್ಟ ಕೈ ಮ್ಯಾಲ ಇಲ್ಲದ್ದು ಕನ್ನಡ್ಯಾಗ ಕಂಡ್ರ ಮನಸ್ಸು ನಂಬೂದಿಲ್ಲವಾ. ಮೊದಲ ಟೇಪ್ ಹಚ್ಚು." ತೊಗಲಿನ ಬಣ್ಣದ ಟೇಪಿನ ಕೆಳಗೆ ಚೇಳು ಮುಚ್ಚಿಹೋಯಿತು. ಕನ್ನಡಿಯಲ್ಲಿ ಈಗ ಯಾರದೂ ಅಲ್ಲದ ಒಂದು ಕೈ. ಅದು ಎಷ್ಟು ಸಲ ಮುಷ್ಟಿ ಹಿಡಿದರೂ ಹಿಂದಿನ ಬಲಗೈ ಕಲ್ಲಿನಂತೆ ಬಿದ್ದಿತ್ತು. ಆ ದಿನವೂ ಅಷ್ಟೇ, ನಾಲ್ಕನೆಯ ದಿನ ಮಧ್ಯಾಹ್ನದವರೆಗೂ ಅಷ್ಟೇ.

ಊಟದ ಹೊತ್ತಿಗೆ ಸಿಮ್ರಾನ ಪಕ್ಕದಲ್ಲಿ ಬಂದು ಕೂತಳು.

"ಆಯಿ, ನಾಳೆಗೆ ತರಬೇತಿ ಮುಗೀತೈತಿ. ಹಿಂಗs ಬಿಟ್ರ ಈ ಕೈ ಗಟ್ಟಿ ಆಗಿಬಿಡ್ತೈತ್ರಿ, ಮತ್ತ ರಾಟಿ ಹಿಡಿಯೂದು ಆಗೂದಿಲ್ಲ. ಅವತ್ತು ಅಷ್ಟು ಚಲೋ ಮುಚ್ಚಿತ್ತು. ಯಾಕ ಎದ್ದು ಹೋದ್ರಿ? ಏನು ಕಂಡ್ರಿ?"

ಫಕೀರವ್ವ ಎಡಗೈಯಿಂದ ರೊಟ್ಟಿ ಮುರಿಯುತ್ತಿದ್ದಳು. ಮುರಿದ ತುತ್ತನ್ನು ಮತ್ತೆ ತಾಟಿಗಿಟ್ಟಳು.

"ನಮ್ಮಕ್ಕನ ಕೈ. ಜೋಡಿ ಹುಟ್ಟಿದಾಕಿ, ಮಾನವ್ವ. ನನಗ ಹನ್ನೊಂದು ಇದ್ದಾಗ ನೀರಿಗೆ ಹೋಗಿದ್ವಿ. ಕಡೀ ಮೆಟ್ಟಿಲಿಗೆ ಪಾಚಿ ಇತ್ತು, ಆಕಿ ಜಾರಿದ್ಲು. ನಾ ಬಲಗೈಲಿಂದ ಕಲ್ಲು ಹಿಡದು, ಈ ಎಡಗೈಲಿಂದ ಆಕಿ ಬಲಗೈ ಹಿಡದೆ. ಎರಡೂ ಚೇಳು ಒಂದಕ್ಕೊಂದು ಒತ್ತಿ ನಿಂತಿದ್ವು. ಈ ಕನ್ನಡ್ಯಾಗ ಹ್ಯಾಂಗ ಕಾಣ್ತಾವಲ್ಲ, ಹಂಗs."

"ಆಮ್ಯಾಲ?"

"ಕೈ ಜಾರಿತು ಅಂತ ಊರಿಗೆಲ್ಲ ಹೇಳಿದೆ. ನನ್ನ ಗಂಡಗೂ ಹಂಗs ಹೇಳಿದೆ." ಅವಳ ದನಿ ಸಣ್ಣದಾಯಿತು. "ಜಾರಲಿಲ್ಲವಾ. ನನ್ನ ಕಾಲೂ ಸರಿಯಾಕ್ಹತ್ತಿತ್ತು. ನಾನs ಬಿಚ್ಚಿದೆ."

"ನಿಮಗ ಆಗ ಹನ್ನೊಂದs ವರ್ಷ ಆಯಿ" ಎಂದಳು ಸಿಮ್ರಾನ.

"ಆಕಿಗೂ ಹನ್ನೊಂದs."

ಫಕೀರವ್ವ ತಾಟನ್ನು ಪಕ್ಕಕ್ಕೆ ಸರಿಸಿದಳು. "ಆ ಮುಷ್ಟಿ ಬಿಚ್ಚು ಅಂತೀ. ಮೊನ್ನೆ ಆಕಿ ಕೈ ಮತ್ತ ಸಿಕ್ಕಿತ್ತು. ಸಿಕ್ಕದ್ದನ್ನ ಎರಡನೇ ಸಲ ಹ್ಯಾಂಗ ಬಿಡ್ಲಿ?"

ಐದನೆಯ ದಿನ ಕಲಿತವರೆಲ್ಲ ತಮ್ಮ ತಮ್ಮ ರೋಗಿಯ ಜೊತೆ ಕೂತು, ಸರ್ ಎದುರು ಕೆಲಸ ಮಾಡಿ ತೋರಿಸಬೇಕಿತ್ತು. ಸಿಮ್ರಾನ ಟೇಪು ಹಚ್ಚಿದಳು, ಕನ್ನಡಿ ನಿಲ್ಲಿಸಿದಳು. ಮಾಲತೇಶ ಸರ್ ಎಡಗಡೆ ನಿಂತರು. ಎಡಗೈ ಮುಚ್ಚಿತು, ಬಲಗೈ ಅಲುಗಲಿಲ್ಲ. ಇನ್ನೊಮ್ಮೆ. ಮತ್ತೊಮ್ಮೆ.

ಆಗ ಫಕೀರವ್ವ ಎಡಗೈಯನ್ನು ಬಾಯಿಗೆ ತಂದಳು. ಟೇಪಿನ ತುದಿಯನ್ನು ಹಲ್ಲಿನಿಂದ ಕಚ್ಚಿ ಎಳೆದು ಉಗುಳಿದಳು.

"ಅಮ್ಮಾ, ಅದು ಬೇಕಾಗತೈತಿ" ಎಂದರು ಸರ್.

"ನನ್ನ ಕೈ ಮ್ಯಾಲ ಬ್ಯಾಡ್ರಿ" ಎಂದು ಅವಳು ಕನ್ನಡಿಗೆ ತಿರುಗಿದಳು.

ಚೇಳು ಅಲ್ಲೇ ಕಾದಿತ್ತು. ಅವಳು ಎಡಗೈಯನ್ನು ಗಾಜಿಗೆ ತಾಗುವಷ್ಟು ಹತ್ತಿರ ಸರಿಸಿದಳು. ಆ ಕೈಯೂ ಅಷ್ಟೇ ಹತ್ತಿರ ಸರಿಯಿತು. ಗಾಜು ತಣ್ಣಗಿತ್ತು, ಬಾವಿಯ ಕಲ್ಲಿನಂತೆ. ಅವಳು ಮುಷ್ಟಿ ಹಿಡಿದಳು. ಅದೂ ಹಿಡಿಯಿತು. ಅವಳ ಹಣೆಯ ಬೆವರು ಹನಿ ಹನಿಯಾಗಿ ಮೇಜಿನ ಮೇಲೆ ಬಿತ್ತು. ತುಟಿ ಅಲುಗಿದ್ದನ್ನು ಎಲ್ಲರೂ ಕಂಡರು, ಏನು ಹೇಳಿದಳೆಂದು ಯಾರಿಗೂ ಕೇಳಿಸಲಿಲ್ಲ. ಆಮೇಲೆ ಎಡಗೈಯನ್ನು ಒಮ್ಮೆಲೇ ಬಿಚ್ಚಿದಳು.

ಕನ್ನಡಿಯ ಕೈ ಬಿಚ್ಚಲಿಲ್ಲ.

ಒಂದು ಉಸಿರೆಳೆಯುವಷ್ಟು ಹೊತ್ತು ಅದು ಮುಷ್ಟಿಯಾಗಿಯೇ ನಿಂತಿತ್ತು. ಅವಳು ಕಣ್ಣ ರೆಪ್ಪೆ ಬಡಿಯದೆ ನೋಡುತ್ತಿದ್ದಳು. ಬಳಿಕ ಕಿರುಬೆರಳು ಬಿಚ್ಚಿತು, ಅದರ ಪಕ್ಕದ್ದು ಬಿಚ್ಚಿತು, ಹೀಗೆ ಒಂದೊಂದಾಗಿ, ಅವಸರವಿಲ್ಲದೆ, ಹಿಡಿದವಳೇ ತಾನಾಗಿ ಬಿಟ್ಟುಕೊಡುವ ಹಾಗೆ. ಕೊನೆಗೆ ಹೆಬ್ಬೆರಳು.

"ಬಿಚ್ಚಿತು!" ಎಂದಳು ಸಿಮ್ರಾನ, ಕನ್ನಡಿಯ ಹಿಂದಿನಿಂದ. "ಸರ್, ಬಲಗೈ ಬಿಚ್ಚಿತ್ರಿ! ಕಿರುಬೆರಳಿಂದ ಚಾಲೂ ಆಗಿ, ಒಂದೊಂದs!"

"ಒಂದೊಂದs?" ಮಾಲತೇಶ ಸರ್ ಫಕೀರವ್ವನ ಎಡಗೈ ನೋಡಿದರು. "ಎಡಗೈ ಒಮ್ಮಿಗೇ ಬಿಚ್ಚಿದ್ರಲ್ಲ. ನಾ ಇಲ್ಲೇ ನಿಂತೀನಿ." ಅವರು ಕನ್ನಡಿಯ ಹಿಂದೆ ಬಗ್ಗಿ ನೋಡಿದರು, ಮತ್ತೆ ಮುಂದೆ ಬಂದು ನೋಡಿದರು. ಆಮೇಲೆ ಬೆರಳಿನ ಗೆಣ್ಣಿಗೆ ಕೋನ ಅಳೆಯುವ ಪಟ್ಟಿ ಇಟ್ಟು, ಎಷ್ಟು ಬಿಚ್ಚಿದೆಯೆಂದು ಗುರುತು ಹಾಕಿಕೊಂಡರು. ಹೇಗೆ ಬಿಚ್ಚಿತೆಂದು ಬರೆಯಲು ಆ ಹಾಳೆಯಲ್ಲಿ ಜಾಗವಿರಲಿಲ್ಲ.

ಹೊರಡುವಾಗ ಸಿಮ್ರಾನ ಮೆಟ್ಟಿಲವರೆಗೆ ಬಂದಳು. "ಕನ್ನಡಿಗೆ ಏನಂದ್ರಿ ಆಯಿ?"

"ನಾ ಬಿಡೂದಿಲ್ಲ, ಬಿಡೂದಿದ್ರ ನೀನs ಬಿಡು ಅಂದೆ."

ಮನೆಗೆ ಬಂದು ಅವಳು ಗೋಡೆಯ ಕನ್ನಡಿಯನ್ನು ಮತ್ತೆ ಸರಿಯಾಗಿ ತಿರುಗಿಸಿದಳು. ಎರಡು ತಿಂಗಳು ದಿನಕ್ಕೆ ಮೂರು ಹೊತ್ತು, ಸಿಮ್ರಾನ ಹೇಳಿಕೊಟ್ಟಂತೆ ಕೈಯ ವ್ಯಾಯಾಮವನ್ನು ಒಂದೂ ತಪ್ಪಿಸದೆ ಮಾಡಿದಳು. ಬಾವು ಇಳಿಯಿತು, ಉರಿ ಹೋಯಿತು. ಒಂದು ಬೆಳಿಗ್ಗೆ ಮಣೆ ಎಳೆದುಕೊಂಡು ರಾಟಿಗೆ ಕೂತಳು. ಮಗ್ಗದ ಗುಂಡಿಯಲ್ಲಿ ಕೂತಿದ್ದ ರಾಯಣ್ಣ ಲಾಳಿ ಹೊಡೆಯುವುದನ್ನು ನಿಲ್ಲಿಸಿ ನೋಡಿದ. ಅವ್ವನ ಕಂಡಿಕೆ ಮೊದಲಿನಷ್ಟೇ ಬಿಗಿಯಾಗಿತ್ತು. ನಿಜ ಹೇಳಬೇಕೆಂದರೆ ಮೊದಲಿಗಿಂತ ಬಿಗಿ.

ಈಗಲೂ ಅವಳೇ ಸುತ್ತುತ್ತಾಳೆ. ಒಂದು ಸಂಗತಿಯನ್ನು ಮಾತ್ರ ಮಹೇಶ್ವರಿ ಕಂಡಿದ್ದಾಳೆ, ಗಂಡನಿಗೂ ಹೇಳಿಲ್ಲ. ಕಂಡಿಕೆ ತುಂಬಿ, ಅತ್ತೆ ನೂಲು ಹರಿದು, ಎಡಗೈಯನ್ನು ಮಡಿಲಲ್ಲಿ ಇಟ್ಟುಕೊಂಡ ಮೇಲೂ ಬಲಗೈ ರಾಟಿಯನ್ನು ತಿರುಗಿಸುತ್ತಲೇ ಇರುತ್ತದೆ. ಎರಡು ಸುತ್ತು, ಮೂರು ಸುತ್ತು. ಆಗ ಫಕೀರವ್ವ ಪಕ್ಕಕ್ಕೆ ತಿರುಗಿ, ಒತ್ತಿಕೊಂಡು ಕೂತ ಯಾರಿಗೋ ಹೇಳುವಂತೆ ಮೆಲ್ಲಗೆ ಹೇಳುತ್ತಾಳೆ.

"ಸಾಕ ಮಾನವ್ವಾ. ತುಂಬೇತಿ."

ಕೈ ನಿಲ್ಲುತ್ತದೆ.